ಒಂದು ಗ್ಲಾಸ್ ಬಿರುಕು, ನೂರಾರು ಎಕ್ಸ್‌ಪರ್ಟುಗಳು

ಕಾರಿನ ಎಂಜಿನ್ ಕೆಟ್ರೆ ಅದು ಓನರ್‌ಗೂ ಮೆಕ್ಯಾನಿಕ್‌ಗೂ ಮಾತ್ರ ಗೊತ್ತಿರೋ ಗುಟ್ಟು, ಆದ್ರೆ ಮುಂದಿನ ಗ್ಲಾಸಲ್ಲಿ ಒಂದು ಚುಕ್ಕಿ ಬಿದ್ರೂ ಸಾಕು, ಗುರುತು ಪರಿಚಯ ಇಲ್ಲದೋರೂ ಬಂದು ಬಗ್ಗಿ ನೋಡಿ ತೀರ್ಪು ಕೊಟ್ಟು ಹೋಗ್ತಾರೆ.

ನನ್ನ ಗ್ಲಾಸಿಗೆ ಬಡಿದಿದ್ದು ಮುಂದೆ ಹೋಗ್ತಿದ್ದ ಲಾರಿ ಚಕ್ರದಿಂದ ಹಾರಿದ ಜಲ್ಲಿಕಲ್ಲು. ಟಪ್ ಅಂತು, ಲಾರಿನೂ ಹೋಯ್ತು ಕಲ್ಲೂ ಹೋಯ್ತು, ನನ್ನ ಕಣ್ಣೆದುರಿಗೆ ಒಂದು ನಕ್ಷತ್ರ ಉಳೀತು. ಯೋಚನೆ ಮಾಡಿದ್ರೆ ಇದೊಂಥರ ಸಂಬಂಧಿಕರ ಜಗಳನೇ ಬಿಡಿ, ಯಾಕಂದ್ರೆ ಗ್ಲಾಸೂ ಮೂಲದಲ್ಲಿ ಕಲ್ಲಿನ ವಂಶದ್ದೇ. ಮರಳು, ಸೋಡಾ ಆಶ್, ಸುಣ್ಣದಕಲ್ಲು ಎಲ್ಲ ಸೇರಿಸಿ 1500 ಡಿಗ್ರಿಗಿಂತ ಜಾಸ್ತಿ ಬಿಸಿಲಿ ಕರಗಿಸಿ, ಕರಗಿದ ತವರದ ಮೇಲೆ ತೇಲಿಬಿಡ್ತಾರೆ, ಅದು ತಾನಾಗೇ ಹರಡ್ಕೊಂಡು ಕನ್ನಡಿ ಥರ ಮಟ್ಟಸವಾಗುತ್ತೆ. ಪಿಲ್ಕಿಂಗ್ಟನ್ ಅನ್ನೋ ಇಂಗ್ಲೆಂಡಿನ ಗ್ಲಾಸ್ ಕಂಪನಿ 1959ರಲ್ಲಿ ಈ ವಿಧಾನ ಹೊರಗೆ ತರೋ ತನಕ ಒಳ್ಳೆ ಚಪ್ಪಟೆ ಗ್ಲಾಸ್ ಬೇಕಂದ್ರೆ ಎರಡೂ ಕಡೆ ಉಜ್ಜಿ ಉಜ್ಜಿ ಪಾಲಿಶ್ ಮಾಡ್ಬೇಕಿತ್ತಂತೆ.

ಮೊದಲು ಬಂದ ಎಕ್ಸ್‌ಪರ್ಟು ನಮ್ಮ ಭಾವ. "ಇದನ್ನ ಓಡಿಸ್ಲೇಬೇಡಿ, ಯಾವ ಕ್ಷಣದಲ್ಲಾದ್ರೂ ಪುಡಿಪುಡಿಯಾಗಿ ಮುಖದ ಮೇಲೆ ಬೀಳುತ್ತೆ" ಅಂದ್ರು. ಇಲ್ಲ ಭಾವ, ಮುಂದಿನ ಗ್ಲಾಸ್ ಒಂದಲ್ಲ ಎರಡು, ಮಧ್ಯೆ ಪಿವಿಬಿ ಅನ್ನೋ ಒಂದು ಮಿಲಿಮೀಟರೂ ಇಲ್ಲದ ಪ್ಲಾಸ್ಟಿಕ್ ಪದರ, ಮೂರನ್ನೂ ಬಿಸಿ ಒತ್ತಡ ಕೊಟ್ಟು ಅಂಟಿಸಿರ್ತಾರೆ, ಒಡೆದ್ರೂ ಚೂರು ಅದಕ್ಕೇ ಕಚ್ಕೊಂಡಿರುತ್ತೆ ಅಂತ ಎಷ್ಟು ಹೇಳಿದ್ರೂ ಅವರ ಮುಖದಲ್ಲಿ ನಂಬಿಕೆ ಕಾಣ್ಲಿಲ್ಲ. 1903ರಲ್ಲಿ ಎದೂವಾರ್ ಬೆನೆಡಿಕ್ಟಸ್ ಅನ್ನೋ ಫ್ರೆಂಚ್ ಕೆಮಿಸ್ಟ್ ಲ್ಯಾಬಲ್ಲಿ ಒಂದು ಫ್ಲಾಸ್ಕ್ ಕೆಳಗೆ ಬಿದ್ದು ಬಿರುಕು ಬಿಟ್ರೂ ಚದುರಲಿಲ್ಲವಂತೆ, ನೋಡಿದ್ರೆ ಒಳಗಡೆ ಸೆಲ್ಯುಲೋಸ್ ನೈಟ್ರೇಟ್ ಅನ್ನೋ ಪ್ಲಾಸ್ಟಿಕ್ ಥರದ ಹಳೇ ದ್ರಾವಣ ಒಣಗಿ ಪದರ ಕಟ್ಟಿತ್ತಂತೆ, ಅಲ್ಲಿಂದ ಶುರುವಾಗಿದ್ದು ಈ ಐಡಿಯಾ ಅನ್ನೋದು ಎಲ್ಲರೂ ಹೇಳೋ ಕಥೆ. ಅಂದ್ರೆ ಯಾರೋ ಫ್ಲಾಸ್ಕ್ ಸರಿಯಾಗಿ ತೊಳೀದೇ ಇದ್ದಿದ್ದಕ್ಕೆ ಇವತ್ತು ಇಷ್ಟು ಜನರ ಮುಖ ಸರಿಯಾಗಿದೆ. ಈ ಪಾಯಿಂಟನ್ನ ಮನೇಲಿ ಪಾತ್ರೆ ತೊಳೆಯೋ ಸರದಿ ಬಂದಾಗ ಎತ್ತಿ ನೋಡ್ದೆ, ಓಡಲಿಲ್ಲ.

ಭಾವ ಹೇಳೋ ಥರ ಪುಡಿಯಾಗೋದು ಸೈಡ್ ಮತ್ತು ಹಿಂದಿನ ಗ್ಲಾಸು, ಅದೂ ಜಾಸ್ತಿ ಕಾರುಗಳಲ್ಲಿ. ಅದನ್ನ ಮೊದಲೇ ಸೈಜಿಗೆ ಕತ್ತರಿಸಿ, ತೂತು ಗೀತು ಬೇಕಿದ್ರೆ ಹಾಕಿ, ಆಮೇಲೆ 600 ಡಿಗ್ರಿ ದಾಟಿಸಿ ಕಾಯಿಸಿ ಎರಡೂ ಕಡೆಯಿಂದ ರಪ್ ಅಂತ ತಣ್ಣನೆ ಗಾಳಿ ಹೊಡೀತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತೆ, ಒಳಗಿಂದು ನಿಧಾನಕ್ಕೆ ಕುಗ್ಗಕ್ಕೆ ಹೋಗಿ ಜೀವನಪೂರ್ತಿ ಎಳೆದಾಡ್ತಾ ಇರುತ್ತೆ. ಈ ಟೆನ್ಶನ್ನಿಂದಲೇ ಅದಕ್ಕೆ ಅಷ್ಟು ಶಕ್ತಿ, ಒಡೆದ್ರೆ ಒಂದೇ ಸಲಕ್ಕೆ ಪೂರ್ತಿ ಹೋಗೋದೂ ಇದರಿಂದಲೇ (ನಮ್ಮ ಆಫೀಸಲ್ಲೂ ಇಂಥ ಒಬ್ಬರಿದ್ದಾರೆ). ಹಿಂದೊಮ್ಮೆ ಪಕ್ಕದ ಮನೆ ಹುಡುಗನ ಬಾಲು ನಮ್ಮ ಹಿಂದಿನ ಗ್ಲಾಸಿಗೆ ಬಡಿದಾಗ ಮಂಜು ಕರಗಿಸೋ ಡಿಫಾಗರ್ ಗೆರೆ ಸಮೇತ ಸಕ್ಕರೆ ಹರಳಿನ ಥರ ಸುರೀತು, ಯಾರ ಕೈಯೂ ಕೊಯ್ಯಲಿಲ್ಲ ನಿಜ, ಆದ್ರೆ ವ್ಯಾಕ್ಯೂಮ್ ಹಾಕಿ ಹಾಕಿ ಸುಸ್ತಾದ್ಮೇಲೂ ಸೀಟಿನ ಸಂದಿಯಿಂದ, ಬೆಲ್ಟ್ ಬಕಲ್ಲಿಂದ, ಸ್ಟೆಪ್ನಿ ಕೆಳಗಿಂದ ಅವು ಬರ್ತಾನೇ ಇದ್ವು. ಆ ಕಾರಲ್ಲಿ ಕೂತು ಎದ್ದೋರೆಲ್ಲ ಪ್ಯಾಂಟ್ ಕೊಡವಿಕೊಂಡೇ ಒಳಗೆ ಬರೋರು.

ಮುಂದಿನ ಗ್ಲಾಸಿಗೆ ಆ ಧೈರ್ಯ ಇಲ್ಲ, ಅದು ಧಾರಾವಾಹಿ. ಹೊರಗಡೆ ಬಿಸಿಲು, ಒಳಗಡೆ ಎಸಿ, ಒಂದು ಕಡೆ ಹಿಗ್ಗು ಇನ್ನೊಂದು ಕಡೆ ಕುಗ್ಗು, ಬಿರುಕಿಗೆ ಅಷ್ಟು ಸಾಕು. ನನ್ನ ಮಗಳು ಸ್ಕೆಚ್ ಪೆನ್ ತಗೊಂಡು ಬಿರುಕಿನ ತುದಿಗೆ ದಿನಾ ಗೆರೆ ಹಾಕಿ ತಾರೀಕು ಬರೀತಿದ್ಲು, ಮನೆಯವರೆಲ್ಲ ಬೆಳಿಗ್ಗೆ ಎದ್ದು ಸ್ಕೋರ್ ಕೇಳೋರು. ಚಿಕ್ಕ ಚುಕ್ಕಿ ಆಗಿದ್ರೆ ರೆಸಿನ್ ತುಂಬಿ ಯುವಿ ಲೈಟಲ್ಲಿ ಗಟ್ಟಿ ಮಾಡಿ ಕೊಡ್ತಾರೆ, ನಂದು ಕೊನೆಗೆ ಒಂದಿನ ಮಧ್ಯಾಹ್ನದ ಬಿಸಿಲಿಗೆ ಅಂಚಿನ ತನಕ ಓಡಿಬಿಟ್ಟಿತ್ತು, ಹಂಗಾಗಿ ಪೂರ್ತಿ ಗ್ಲಾಸೇ ಬದಲಾಯಿಸ್ಬೇಕು ಅಂದ್ರು.

ಹೊಸ ಗ್ಲಾಸ್ ಕೂರಿಸೋ ಹುಡುಗನ ಹತ್ರ ಅಂಚಿನ ಕಪ್ಪು ಪಟ್ಟಿ, ಚುಕ್ಕಿಗಳ ಬಗ್ಗೆ ಕೇಳ್ದೆ. ಪಕ್ಕದಲ್ಲಿದ್ದ ಭಾವ "ಡಿಸೈನ್ ರೀ ಅದು" ಅಂತ ಮಧ್ಯೆ ಬಾಯಿ ಹಾಕಿದ್ರು. ಅಲ್ವಂತೆ, ಅದು ಗ್ಲಾಸ್ ಮೇಲೇ ಸುಟ್ಟು ಕೂರಿಸಿರೋ ಸೆರಾಮಿಕ್ ಬಣ್ಣ, ಅದರ ಹಿಂದೆ ಗ್ಲಾಸನ್ನ ಕಾರಿಗೆ ಹಿಡಿದಿಡೋ ಪಾಲಿಯುರೆಥೇನ್ ಅನ್ನೋ ಅಂಟು ಇರುತ್ತೆ, ಬಿಸಿಲು ನೇರ ಬಿದ್ರೆ ಆ ಅಂಟು ಹಾಳಾಗುತ್ತೆ. ಮತ್ತೆ ಆ ಅಂಟಿನ ಮೇಲೇ ಎಷ್ಟೋ ನಿಂತಿದೆ, ಕಾರ್ ಮಗುಚಿದ್ರೆ ಮೇಲ್ಛಾವಣಿಗೆ ಈ ಗ್ಲಾಸೂ ಆಸರೆ, ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬೋವಾಗ ಇದಕ್ಕೇ ಒರಗೋದು.

ಕೊನೆಗೆ ಅವನು ಹೇಳಿದ್ದು ಒಂದೇ ಮಾತು. "ಸಾರ್, ನಾಳೆ ತನಕ ಒಂದು ಕಿಟಕಿ ಸ್ವಲ್ಪ ಇಳಿಸಿಡಿ, ಡೋರ್ ಜೋರಾಗಿ ಹಾಕ್ಬೇಡಿ, ಒಳಗಿನ ಗಾಳಿ ಹಸಿ ಅಂಟನ್ನ ತಳ್ಳುತ್ತೆ." ನಾನು ತಲೆ ಆಡಿಸ್ತಾ ಇದ್ದೆ. ಅಷ್ಟರಲ್ಲಿ ಭಾವ ಒಳಗೆ ಕೂತು, ನಾಲ್ಕೂ ಕಿಟಕಿ ಏರಿಸಿ, "ಫಿಟಿಂಗ್ ಗಟ್ಟಿ ಇದೆಯಾ ಟೆಸ್ಟ್ ಮಾಡೋಣ" ಅಂತ ಧಡಾರ್ ಅಂತ ಡೋರ್ ಹಾಕಿದ್ರು.