ಜೂನ್ ಒಂದಕ್ಕ ಹುಟ್ಟಿದ ಓಟಗಾರರು

ಲಗೂ ವಯಸ್ಸಾಗ್ಲಪ್ಪಾ ಅಂತ ದೇವರಿಗಿ ಬೇಡ್ಕೊಳ್ಳೋ ಮಂದಿ ಎರಡೇ ನಮೂನಿ. ಒಂದು ಮೀಸಿ ಮೂಡದ ಹುಡುಗರು, ಇನ್ನೊಂದು ವೆಟರನ್ಸ್ ಓಟಕ್ಕ ಹೆಸರು ಕೊಟ್ಟ ಮುದುಕರು. ಹುಡುಗರದು ಎಲ್ಲಾರಿಗೂ ತಿಳೀತದ. ಈ ಮುದುಕರದು ತಿಳಿಬೇಕಂದ್ರ ನಸಿಕಿನ್ಯಾಗ ಐದಕ್ಕ ಕಲಬುರಗಿ ಚಂದ್ರಶೇಖರ ಪಾಟೀಲ ಸ್ಟೇಡಿಯಮ್ಮಿಗಿ ಹೋಗಿ ಮೆಟ್ಟಿಲ ಮ್ಯಾಲ ಕೂಡಬೇಕು. ನಾ ಹೋಗೋದು ವಾಕಿಂಗಿಗಿ, ಅದೂ ಡಾಕ್ಟ್ರು ಶುಗರ್ ಅಂತ ಅಂಜಿಸಿದ ಮ್ಯಾಲ, ಒಂದೆರಡು ಸುತ್ತು ಹಾಕಿ ಕೂತುಬಿಡ್ತೀನಿ, ಮುಂದ ನನ್ನ ಕೆಲಸ ಏನಿದ್ರೂ ಓಡೋರನ್ನ ನೋಡೋದು, ಅವರ ಮಾತು ಕೇಳೋದು.

ಲೆಕ್ಕ ಹಿಂಗದ. ಮಾಸ್ಟರ್ಸ್ ಅಥ್ಲೆಟಿಕ್ಸ್‌ದಾಗ, ಅಂದ್ರ ಇದೇ ವೆಟರನ್ಸ್ ಓಟದಾಗ, 35ರಿಂದ ಶುರು ಆಗಿ ಐದೈದು ವರ್ಷಕ್ಕೊಂದು ಗುಂಪು. 59ರ ಮನಷ್ಯಾ 55ರ ಗುಂಪಿನ್ಯಾಗ ಎಲ್ಲಾರಕಿಂತ ಮುದುಕ, ಪಾಪ, ನಾಕು ವರ್ಷ ಸಣ್ಣವರ ಜೋಡಿ ಉಸುರು ಬಿಟ್ಕೋತ ಓಡ್ತಾನ. ಅದೇ ಮನಷ್ಯಾಗ ಮರುದಿನ 60 ತುಂಬ್ತು ಅಂದ್ರ ಹೊಸಾ ಗುಂಪಿನ್ಯಾಗ ಅವನೇ ಹುಡುಗ! ನಿನ್ನಿ ಕಾಲು, ನಿನ್ನಿ ಮೊಣಕಾಲು, ಆದ್ರ ಮೆಡಲ್ ಕೊರಳಾಗ ಬೀಳೋ ಚಾನ್ಸ್ ಬ್ಯಾರೆ. ಅದಕ್ಕ ಇವರು ಹುಟ್ಟಿದಬ್ಬದ ದಾರಿ ಕಾಯ್ತಾರ, ಐದು ವರ್ಷಕ್ಕೊಮ್ಮಿ ಆದ್ರೂ.

ಆದ್ರ ನಮ್ಮ ಕಡಿ ಒಂದು ತಕರಾರದ. ಒಂದು ಜಮಾನಾದ ಮಂದಿಗೆಲ್ಲಾ ಹುಟ್ಟಿದಬ್ಬ ಜೂನ್ ಒಂದೇ. ಅಪ್ಪ ಕೈಹಿಡ್ಕೊಂಡು ಸಾಲಿಗಿ ಕರ್ಕೊಂಡು ಹೋಗ್ತಿದ್ದ, ಮಾಸ್ತರು ಹುಡುಗನ ಬಲಗೈ ತಲಿ ಮ್ಯಾಲಿಂದ ಎಡಗಿವಿ ಮುಟ್ತದೋ ಇಲ್ಲೋ ನೋಡಿ 1-6 ಅಂತ ಬರಕೊಂಡು, ಅದರ ಮುಂದ ತಮಗ ತಿಳಿದ ಒಂದು ಇಸವಿ ಕೂಡಿಸಿಬಿಡ್ತಿದ್ರು. ಹಿಂಗಾಗಿ ಸ್ಟೇಡಿಯಮ್ಮಿನ ಅರ್ಧಾ ಮುದುಕರು ಒಂದೇ ದಿನ ಹುಟ್ಯಾರ. ಜೂನ್ ಒಂದಕ್ಕ ನೋಡಬೇಕು ನೀವು, ಯಾರು ಯಾರಿಗಿ ಪೇಢಾ ತಿನಸಬೇಕು ಅನ್ನೋದೇ ತಿಳಿಯಂಗಿಲ್ಲ.

ಅವರೊಳಗ ಇಬ್ಬರ ಮ್ಯಾಲ ನನಗ ಭಾಳ ಪ್ರೀತಿ. ಒಬ್ರು ರಿಟೈರ್ಡ್ ಪಿಟಿ ಮಾಸ್ತರು, ಒಬ್ರು ಬಸ್ ಡ್ರೈವರ್ ಕಾಕಾ. ಕಾಗದದ ಮ್ಯಾಲ ಇಬ್ರೂ 1950 ಜೂನ್ 1, ಅವಳಿ ಜವಳಿ ಅನ್ನಿ. ಖರೇ ಅಂದ್ರ ಮಾಸ್ತರು ನಿಜಾಮನ ಕಡಿಯ ರಜಾಕಾರರ ಗದ್ದಲ ನಡದಾಗ ಆರು ತಿಂಗಳ ಕೂಸು, ಅಂದ್ರ 1948. ಅವರವ್ವ ಅವರನ್ನ ಬಗಲಾಗ ಇಟ್ಕೊಂಡು ಆಳಂದ ಮ್ಯಾಲಿಂದ ಸೊಲ್ಲಾಪುರ ಕಡಿ ಓಡಿದ್ಳಂತ. "ನನ್ನ ಮೊದಲನೇ ಲಾಂಗ್ ಡಿಸ್ಟನ್ಸ್ ಅದೇ ನೋಡ್ರಿ" ಅಂತಾರ ಮಾಸ್ತರು. ಡ್ರೈವರ್ ಕಾಕಾ ಹುಟ್ಟಿದ್ದು 1952ರಾಗ, ಆದ್ರ ನೌಕರಿಗಿ ವಯಸ್ಸು ಸಾಲಂಗಿಲ್ಲ ಅಂತ ಟಿಸಿ ಬರಸುವಾಗ ಎರಡು ವರ್ಷ ಹೆಚ್ಚಿಗಿ ಬರಸ್ಯಾರ. ಅಂದ್ರ ಒಬ್ರು ಎರಡು ವರ್ಷ ಕಮ್ಮಿ, ಒಬ್ರು ಎರಡು ವರ್ಷ ಜಾಸ್ತಿ, ಕೂಡಿ ನಾಕು ವರ್ಷದ ಅಂತರ ಮುಚ್ಚಿಹೋಗಿ ಇಬ್ರೂ ಪ್ರತಿ ಸಲ ಒಂದೇ ಗುಂಪಿಗಿ ಬೀಳ್ತಾರ. ಕಾಕಾ ಮೊದಲು, ಮಾಸ್ತರು ಎರಡನೇದು. ಇದು ಎಷ್ಟೋ ವರ್ಷದಿಂದ ನಡಕೊಂಡು ಬಂದದ.

ಮಾಸ್ತರಿಗಿ ವಯಸ್ಸು ಕಮ್ಮಿ ಬಿದ್ದದ್ದು ನೌಕರಿ ಇದ್ದಾಗ ಲಾಭಾನೇ, ಎರಡು ವರ್ಷದ ಪಗಾರ ಹೆಚ್ಚು ಸಿಕ್ತು. ಈಗ ಅದನ್ನ ಬಡ್ಡಿ ಸಮೇತ ಟ್ರ್ಯಾಕ್ ಮ್ಯಾಲ ತೀರಸ್ಲಿಕತ್ತಾರ.

ಕಾಗದದ ಈ ಕಾಟ ನಮ್ಮ ಕಡೀದಷ್ಟೇ ಅಲ್ಲ. ಪಂಜಾಬಿನ ಫೌಜಾ ಸಿಂಗ್ ಅಂತಿದ್ರಲ್ಲ, ಬಿಳಿ ಗಡ್ಡ, ಪೇಟಾ, 89ನೇ ವಯಸ್ಸಿನ್ಯಾಗ ಲಂಡನ್ನಿನ್ಯಾಗ ಮೊದಲನೇ ಮ್ಯಾರಥಾನ್ ಓಡಿದವರು. 2011ರಾಗ, ನೂರು ತುಂಬಿದ ಮ್ಯಾಲ, ಟೊರಾಂಟೋದಾಗ 42 ಕಿಲೋಮೀಟರ್ 195 ಮೀಟರ್ ಮುಗಿಸಿದ್ರು, 8 ತಾಸು 11 ನಿಮಿಷ ಹಿಡೀತು. ಪಾಸ್‌ಪೋರ್ಟಿನ್ಯಾಗ 1911 ಏಪ್ರಿಲ್ 1 ಅಂತಿತ್ತು. ಗಿನ್ನೆಸ್‌ನವರು ಬರ್ತ್ ಸರ್ಟಿಫಿಕೇಟ್ ಕೇಳಿದ್ರು. 1911ರ ಹಳ್ಳ್ಯಾಗ ಯಾರು ಕೊಡ್ತಿದ್ರು ಅದನ್ನ? ದಾಖಲಿ ಒಪ್ಪಲಿಲ್ಲ. 2025ರ ಜುಲೈದಾಗ ಊರ ರಸ್ತಾದಾಗ ಗಾಡಿ ಬಡದು ಅವರು ತೀರಿಕೊಂಡ ಸುದ್ದಿ ಬಂದ ದಿನ ಡ್ರೈವರ್ ಕಾಕಾ ಓಡಲೇ ಇಲ್ಲ, ಗೇಟಿನ ಹಂತ್ಯಾಕ ನಿಂತು ಗಾಡಿ ಹೊಡಿಯೋರನ್ನ ಒಂದೇ ಸವನೆ ಬೈದ್ರು. ಡ್ರೈವರೇ ಡ್ರೈವರರನ್ನ ಬೈಯೋದು ನಾ ಅವತ್ತೇ ನೋಡಿದ್ದು.

ಲಾಂಗ್ ಡಿಸ್ಟನ್ಸಿನವರ ದೋಸ್ತಿ ಗಟ್ಟಿ ಆಗ್ಲಿಕ್ಕ ಒಂದು ಕಾರಣ ಅದ, ನಾ ಕಂಡಿದ್ದು. ನೂರು ಮೀಟರ್ ಓಡೋನಿಗಿ ಮಾತಾಡ್ಲಿಕ್ಕ ಟೈಮೆಲ್ಲಿ, ಹನ್ನೆರಡು ಸೆಕೆಂಡಿನ್ಯಾಗ ಏನ್ ಸುಖ ದುಃಖ ಹೇಳ್ಕೋತಾನ? ಇವರದು ಹಂಗಲ್ಲ. ವಾರದ ಬಹಳಷ್ಟು ಓಟ ಸಾವಕಾಶ ಓಡಬೇಕು, ಬಾಜೂದವನ ಜೋಡಿ ಮಾತಾಡಿದ್ರ ದಮ್ಮು ಹತ್ತಬಾರದು, ಅಷ್ಟೇ ಸ್ಪೀಡು ಅಂತ ಕೋಚ್‌ಗಳೇ ಹೇಳ್ತಾರ. ಅಂದ್ರ ಸೇಡಂ ರೋಡ್ ಹಿಡದು ಯುನಿವರ್ಸಿಟಿ ಕ್ಯಾಂಪಸ್‌ಗಿ ಹೋಗಿ, ಒಳಗ ತಿರಗ್ಯಾಡಿ ಬರೋತನಕ ಒಂದೂವರಿ ತಾಸು ಬಾಯಿ ಖಾಲಿ ಇರ್ತದ. ಮುಖಾ ಮುಖಾ ನೋಡೋದಿಲ್ಲ, ಇಬ್ರೂ ರಸ್ತಾ ನೋಡ್ಕೋತ ಹೊಂಟಿರ್ತಾರ. ಗಂಡಸರಿಗಿ ಇದು ಭಾಳ ಅನುಕೂಲ, ಮನ್ಯಾಗ ಹೆಂಡ್ತಿ ಮುಂದ ಹೇಳಲಾರದ್ದು ರಸ್ತಾಕ್ಕ ಹೇಳಬಹುದು. ಮಗಳ ಮದುವಿ ಸಾಲ, ತಮ್ಮ ಮೋಸ ಮಾಡಿ ಬರಸ್ಕೊಂಡ ಹೊಲ, ಪುಣೆಕ ಹೋಗಿ ಫೋನ್ ಮಾಡದ ಮಗ. ಏರು ಬಂದ್ರ ಕಥಿ ಅಲ್ಲೇ ಬಂದ್, ಇಳಿಜಾರಿನ್ಯಾಗ ಮತ್ತ ಶುರು. ಒಂದೊಂದು ಕಥಿ ವಾರಗಟ್ಲೆ ನಡೀತದ, "ಎಲ್ಲಿಗಿ ಬಂದಿತ್ತು?" "ನಿಮ್ಮ ತಮ್ಮ ತಹಶೀಲ್ ಆಫೀಸಿಗಿ ಹೋಗಿದ್ದ." "ಹಾಂ, ಹೋದ್ನಾ..." ಅಂತ.

ಮಳಿಗಾಲದಾಗ ಮಾತು ಕಮ್ಮಿ. ಡಾಂಬರ್ ಬಿಟ್ಟು ತೊಗರಿ ಹೊಲದ ಬದುವಿನ ದಾರಿಗಿ ಇಳದ್ರೋ ಎರಿ ಮಣ್ಣು ಬೂಟಿಗಿ ಹತ್ಕೊಂಡು ಬಿಡಂಗಿಲ್ಲ, ಹತ್ತು ಹೆಜ್ಜಿಗಿ ಒಂದೊಂದು ಕಾಲು ಎರಡು ಕಿಲೋ ತೂಗ್ತದ, ಕಡ್ಡಿ ತಗೊಂಡು ಕೆರೀಬೇಕು, ಮತ್ತ ಓಡಬೇಕು. ಮೊದಲ ಇವರು ಬರಿಗಾಲಿಲೆ ಓಡತಿದ್ರಂತ, ಆಗ ಇದು ಪರವಾಗಿರಲಿಲ್ಲ. ಮಾಸ್ತರಿಗಿ ಶಿವನಾಥ್ ಸಿಂಗ್ ಅಂದ್ರ ದೇವರು. ಬರಿಗಾಲಲೆ ಓಡೋದಕ್ಕ ಹೆಸರಾದ ಮನಷ್ಯಾ, 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನಿನ್ಯಾಗ 11ನೇದವ, 1978ರಾಗ ಜಲಂಧರದಾಗ 2 ತಾಸು 12 ನಿಮಿಷದಾಗ ಓಡಿದ್ದು ನಾಲ್ವತ್ತು ವರ್ಷ ದಾಟೋತನಕ ನಮ್ಮ ದೇಶದಾಗ ಯಾರೂ ಮುರಿದಿರಲಿಲ್ಲ. ಈಗಿನ ಹುಡುಗರು ಹದಿನೈದು ಸಾವಿರದ ಬೂಟು ತೋರಸ್ಲಿಕ್ಕ ಬಂದ್ರ ಮಾಸ್ತರು ಈ ಟೈಮಿಂಗ್ ಹೇಳಿ ಕಳಸ್ತಾರ.

ಒಬ್ಬ ಅಕ್ಕೋರೂ ಅದಾರ ಗುಂಪಿನ್ಯಾಗ, ರಿಟೈರ್ಡ್ ನರ್ಸ್, ಎಲ್ಲಾರೂ ಸಿಸ್ಟರ್ ಅಂತಾರ. ಓಡ್ಲಿಕ್ಕ ಶುರು ಮಾಡಿದ್ದೇ ರಿಟೈರ್ ಆದ ಮ್ಯಾಲ. ಚೂಡಿದಾರದ ಮ್ಯಾಲ ಓಡ್ತಾರ, ಬ್ಯಾಗಿನ್ಯಾಗ ಬಿಪಿ ಮಿಷನ್ ಇರ್ತದ, ಯಾರದಾರ ಹೆಚ್ಚು ಬಂತೋ ಅವತ್ತು ಅವರಿಗಿ ಓಟ ಬಂದ್. ಡ್ರೈವರ್ ಕಾಕಾ ಡಿಪೋ ಮ್ಯಾನೇಜರಿಗಿ ಅಂಜಿಲ್ಲ, ಸಿಸ್ಟರಿಗಿ ಅಂಜ್ತಾರ.

ಎರಡನೇದು ಬರೋರ ಬಗ್ಗೆ ಮಾಸ್ತರು ಒಂದು ಕಥಿ ಹೇಳ್ತಾರ, ಖರೇ ಕಥಿನೇ. ಝಾಟೊಪೆಕ್ ಅಂತ ಚೆಕೊಸ್ಲೊವಾಕಿಯಾದವ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನ್ಯಾಗ 5000 ಮೀಟರ್, 10000 ಮೀಟರ್, ಮ್ಯಾರಥಾನ್ ಮೂರೂ ಗೆದ್ದ. ಅವನ ಹಿಂದ ಒಬ್ಬ ಫ್ರಾನ್ಸಿನ ಮಿಮೂನ್. 1948ರಾಗ ಒಮ್ಮಿ, 1952ರಾಗ ಎರಡು ಸಲ, ಝಾಟೊಪೆಕ್ ಚಿನ್ನ, ಮಿಮೂನ್ ಬೆಳ್ಳಿ. 1956ರಾಗ ಮೆಲ್ಬರ್ನಿನ್ಯಾಗ ಮಿಮೂನ್ ಮ್ಯಾರಥಾನ್ ಗೆದ್ದ. ಗೆದ್ದವ ಕುಣಿಬೇಕಿಲ್ಲ? ಅವ ನಿಂತು ಸ್ಟೇಡಿಯಮ್ ಬಾಗಲಾ ನೋಡ್ಲಿಕತ್ತ, ಝಾಟೊಪೆಕ್ ಬರ್ಲಿ ಅಂತ. ಸುಮಾರು ನಾಕೂವರಿ ನಿಮಿಷದ ಮ್ಯಾಲ ಅವ ಆರನೇದವನಾಗಿ ಬಂದ, ದೋಸ್ತ ಗೆದ್ದಾನಂತ ಗೊತ್ತಾಗಿ ಟೊಪಗಿ ತಗದು ಸೆಲ್ಯೂಟ್ ಹೊಡದು ಅಪ್ಪಿಕೊಂಡ. ಮೆಡಲ್‌ಕಿಂತ ಅದೇ ದೊಡ್ಡದಾಯ್ತು ಅಂತ ಮಿಮೂನ್ ಮುಂದ ಹೇಳ್ಕೊಂಡಾನ. ಈ ಕಥಿ ಮಾಸ್ತರು ಹೇಳುವಾಗೆಲ್ಲಾ ಡ್ರೈವರ್ ಕಾಕಾನ ಮಾರಿ ನೋಡ್ಕೋತ ಹೇಳ್ತಾರ. ಕಾಕಾ ಲೇಸ್ ಕಟ್ಕೋತ ಕೂತಿರ್ತಾರ.

ಮೊನ್ನಿ ಚಳಿಗಾಲದಾಗ ಒಂದು ವೆಟರನ್ಸ್ ಕೂಟ ಆಯ್ತು, 75ರ ಗುಂಪಿಗಿ 5000 ಮೀಟರ್. ಹನ್ನೆರಡೂವರಿ ಸುತ್ತು. ಈ ವಯಸ್ಸಿನ್ಯಾಗ ಓಡೋದಕಿಂತ ಸುತ್ತು ಎಣಸೋದೇ ಕಷ್ಟ, ಅದಕ್ಕ ಮಾಸ್ತರದು ಒಂದು ಉಪಾಯ ಅದ. ಬಲಗೈ ಮುಟ್ಟಿಗ್ಯಾಗ ಹನ್ನೆರಡು ತೊಗರಿ ಕಾಳು ಹಿಡ್ಕೊಂಡಿರ್ತಾರ, ಗೆರಿ ದಾಟಿದಾಗೊಮ್ಮಿ ಒಂದು ಕಾಳು ಬಿಡೋದು, ಮುಟ್ಟಿಗಿ ಖಾಲಿ ಆಯ್ತೋ ಇನ್ನೊಂದೇ ಸುತ್ತು ಉಳದದ ಅಂತ ಲೆಕ್ಕ. ಬೆವರಿಗಿ ಕಾಳು ಕೈಗೇ ಅಂಟ್ಕೋತಾವ, ಹೆಬ್ಬಟ್ಟಿಲೆ ತಳ್ಳಬೇಕಾಗ್ತದ. ಅವತ್ತೂ ಹಂಗೇ ನಡೀತು. ಕಾಕಾ ಮುಂದ, ಮಾಸ್ತರು ಒಂದು ಹತ್ತು ಮಾರು ಹಿಂದ, ಉಳದವರು ಎಲ್ಲೋ. ಗಂಟಿ ಬಾರಸೋ ಹುಡುಗ ಮೊಬೈಲ್ ನೋಡ್ಲಿಕತ್ತಿದ್ದ, ಗಂಟಿ ಆಗಲಿಲ್ಲ, ಕಾಕಾ ಗೆರಿ ದಾಟಿ ಮುಗೀತಂತ ಎರಡೂ ಕೈ ಮ್ಯಾಲ ಮಾಡಿ ನಿಂತೇಬಿಟ್ರು. ಮಾಸ್ತರು ಕಡೀ ಕಾಳು ಬಿಟ್ರು. ಸುಮ್ಮ ಬಾಜೂಕ ಹಾದು ಹೋಗಿದ್ರ ಚಿನ್ನ ಅವರದೇ. ಆದ್ರ ಈ ಮನಷ್ಯಾ ಇದ್ದ ದಮ್ಮೆಲ್ಲಾ ಕೂಡಿಸಿ "ಏ ಡ್ರೈವರ್, ಇನ್ನೊಂದು ಸುತ್ತು ಅದೋ, ಓಡು!" ಅಂತ ಒದರಿದ್ರು. ಕಾಕಾ ಓಡಿದ್ರು. ಮತ್ತ ಅದೇ ಮೊದಲನೇದು, ಅದೇ ಎರಡನೇದು.

ನಮಗೆಲ್ಲಾ ಕಣ್ಣಾಗ ನೀರು ಬರೋದೊಂದು ಬಾಕಿ. ಸಿಸ್ಟರ್ ಅಂತೂ ಮಾಸ್ತರರ ಕಾಲು ಮುಟ್ಲಿಕ್ಕೇ ಹೋದ್ರು. ಆಮ್ಯಾಲ ಎಲ್ಲಾರೂ ಕೂಡಿ ಸುಸಲಾ, ಮಿರ್ಚಿ ತಿನ್ಲಿಕ್ಕ ಹೋದಾಗ ಕಾಕಾ ಕೇಳೇಬಿಟ್ರು, "ಅಲ್ರಿ ಸರ, ಜಿಂದಗ್ಯಾಗ ಒಮ್ಮಿ ಗೆಲ್ಲೋದು ಬಂದಿತ್ತು, ಯಾಕ ಒದರಿದ್ರಿ?"

ಮಾಸ್ತರು ಇನ್ನೊಂದು ಮಿರ್ಚಿ ಎತ್ಕೊಂಡ್ರು. "ಗೆದ್ದವ ನಾಷ್ಟಾದ ಬಿಲ್ಲು ಕೊಡಬೇಕಂತ ನಮ್ಮ ರೂಲ್ ಅದಲ್ಲೋ. ಇಷ್ಟು ಮಂದಿದು ನಾ ಕೊಡ್ಲೇನು?"