ಕೈಕೆಲಸಕ್ಕೆ ಒಂದು ಕ್ರೆಡಿಟ್

ನಮ್ಮ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಎಂದೋ ‘ಕಾರ್ಯಾನುಭವ’ ಎಂದೋ ಬರೆದಿರುವ ಪೀರಿಯಡ್ಡು ತಪಾಸಣೆಗೆ ಬರುವ ಅಧಿಕಾರಿಗಳು ಓದಲೆಂದು ಇರುವುದೇ ಹೊರತು ಮಕ್ಕಳಿಗಾಗಿ ಅಲ್ಲ. ಸಿಲಬಸ್ ಮುಗಿಯದೆಂದು ಮೊದಲೇ ಬಲ್ಲ ಗಣಿತದ ಮೇಷ್ಟರಿಗೆ ಅದು ಜೂನ್ ತಿಂಗಳಲ್ಲೇ ಸಂದಾಯವಾಗಿರುತ್ತದೆ. ಡ್ರಾಯಿಂಗ್ ಮೇಷ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಯಾರೂ ಬಾರದ ಶಾಲೆಗಳಲ್ಲಂತೂ ಈ ಹಸ್ತಾಂತರಕ್ಕೆ ಅಡ್ಡಿಯೇ ಇಲ್ಲ. ಹೀಗೆ ಕತ್ತರಿ, ಗೋಂದು, ಸೂಜಿ, ಉಳಿ ಯಾವುದರ ಸೋಂಕೂ ತಗಲದಂತೆ ಹತ್ತು ವರ್ಷ ಕಾಪಾಡಿದ ಮಗುವನ್ನು ಇನ್ನೆರಡು ವರ್ಷ ಸಿಇಟಿ ತರಬೇತಿಯ ಕೋಣೆಯಲ್ಲಿ ಕೂರಿಸಿ, ಇಂಜಿನಿಯರಿಂಗ್ ಕಾಲೇಜಿನ ಬಾಗಿಲಿಗೆ ತಲುಪಿಸಿದ ತಕ್ಷಣ ನಾವು ಕೇಳುತ್ತೇವೆ: ‘ಏನಪ್ಪಾ, ಹೊಸದೇನು ಕಂಡುಹಿಡೀತೀಯ?’

ಈ ಪ್ರಶ್ನೆಗೆ ಈಗ ಅಂಕಿಅಂಶದ ಬೆಂಬಲವೂ ದೊರೆತಿದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವು, 1990ರಿಂದ 1995ರ ನಡುವೆ ಅಲ್ಲಿಯೇ ವಿಜ್ಞಾನ ಮತ್ತು ತಂತ್ರಜ್ಞಾನ ಓದಿ ಹೊರಬಿದ್ದ ಪ್ರತಿಭಾವಂತರನ್ನು ಪರಿಶೀಲಿಸಿ, ಅವರಲ್ಲಿ ಪೇಟೆಂಟ್ ಪಡೆದವರು ಅಥವಾ ಸ್ವಂತ ಉದ್ದಿಮೆ ಕಟ್ಟಿದವರು ಬಾಲ್ಯದಲ್ಲಿ ಸಾಮಾನ್ಯ ಜನರಿಗಿಂತ ಎಂಟು ಪಟ್ಟಿನವರೆಗೆ ಹೆಚ್ಚಾಗಿ ಕಲೆ ಮತ್ತು ಕರಕುಶಲಗಳ ಸಹವಾಸದಲ್ಲಿದ್ದರೆಂದು ಹೇಳಿತು. ಇದರಿಂದ ಪಿಟೀಲು ಬಾರಿಸಿದರೆ ಪೇಟೆಂಟ್ ಬರುತ್ತದೆಂದು ಸಿದ್ಧವಾಗುವುದಿಲ್ಲ. ಮನೆಯಲ್ಲಿ ಪಿಟೀಲೂ ಗರಗಸವೂ ಇದ್ದ ಮಕ್ಕಳಿಗೆ ಬೇರೆ ಅನುಕೂಲಗಳೂ ಇದ್ದಿರಬಹುದು. ಆದರೆ ಇಂಥ ಸೂಕ್ಷ್ಮಗಳಿಗೆ ಕಾಲೇಜಿನ ಬ್ರೋಷರಿನಲ್ಲಿ ಸ್ಥಳಾವಕಾಶವಿರುವುದಿಲ್ಲ. ‘ಎಂಟು ಪಟ್ಟು’ ಮಾತ್ರ ದಪ್ಪಕ್ಷರದಲ್ಲಿ ಚೆನ್ನಾಗಿ ಕೂರುತ್ತದೆ.

ಆದ್ದರಿಂದ ‘ಡಿಸೈನ್ ಥಿಂಕಿಂಗ್’, ಅಂದರೆ ಬಳಕೆದಾರನ ಕಷ್ಟದಿಂದ ಹೊರಟು ಪರಿಹಾರ ರೂಪಿಸುವ ವಿಧಾನದ ಕಾರ್ಯಾಗಾರ ಏರ್ಪಡುತ್ತದೆ. ವಿದ್ಯಾರ್ಥಿಗಳಿಗೆ ತಲಾ ಒಂದು ಕಟ್ಟು ಹಳದಿ ಅಂಟುಚೀಟಿ ಹಂಚಲಾಗುತ್ತದೆ. ಹನ್ನೊಂದು ಗಂಟೆಯೊಳಗೆ ಬಳಕೆದಾರನ ಕಷ್ಟಕ್ಕೆ ಮನ ಕರಗಿಸಿಕೊಳ್ಳಬೇಕು. ಟೀ ಕುಡಿದು ಬಂದು ಸಮಸ್ಯೆಯನ್ನು ನಿರೂಪಿಸಬೇಕು. ಊಟದ ಗಂಟೆ ಹೊಡೆಯುವುದರೊಳಗೆ ಐಡಿಯಾಗಳು ಬಂದಿರಬೇಕು. ಊಟವಾದ ಮೇಲೆ ಐಸ್‌ಕ್ರೀಂ ಕಡ್ಡಿ ಮತ್ತು ರಬ್ಬರ್ ಬ್ಯಾಂಡುಗಳಿಂದ ಮಾದರಿಯೊಂದನ್ನು ತಯಾರಿಸಬೇಕು. ಹದಿನೆಂಟು ತುಂಬಿದ ಮಗನಿಗೆ ಐಸ್‌ಕ್ರೀಂ ಕಡ್ಡಿ ಅಂಟಿಸುವುದನ್ನು ಕಲಿಸಲು ಸೀಟಿಗೆ ಕಟ್ಟಿದ ಲಕ್ಷಗಳನ್ನು ನೆನೆದರೆ, ಅದೇ ಕೆಲಸಕ್ಕಾಗಿ ಅವನನ್ನು ಐದನೆಯ ತರಗತಿಯಲ್ಲಿ ‘ಮನೆಯೆಲ್ಲ ಕಸ ಮಾಡಬೇಡ, ಹೋಗಿ ಓದ್ಕೋ’ ಎಂದು ಗದರಿದ್ದು ತಂದೆಯ ಪಾಲಿಗೆ ಬಹಳ ದುಬಾರಿಯ ಗದರಿಕೆ.

ಬೆಂಗಳೂರಿನಲ್ಲಿ ಈ ಕಾರ್ಯಾಗಾರ ನಡೆಯುತ್ತಿರುವ ಹೊತ್ತಿಗೆ, ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿ ಒಬ್ಬ ಕುಶಲಕರ್ಮಿ ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಿರುತ್ತಾನೆ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಅದರ ಮೇಲೆ ಒಣಗಿದ ಎಲೆಯ ಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪೇರುತ್ತದೆ. ವೇಗವೆಷ್ಟು, ಒತ್ತಡವೆಷ್ಟು, ಶಾಖ ಎಲ್ಲಿಗೆ ಸಾಕು ಎಂಬ ಲೆಕ್ಕ ಅವನ ಮಣಿಕಟ್ಟಿನಲ್ಲಿದೆ. ಆದರೆ ಅವನಲ್ಲಿ ಅಂಟುಚೀಟಿಗಳಿಲ್ಲವಾದ್ದರಿಂದ ಇದು ಇನ್ನೋವೇಶನ್ ಅಲ್ಲ, ‘ಗುಡಿ ಕೈಗಾರಿಕೆ’.

ಬೀದರಿನ ಕಥೆ ಇನ್ನೂ ಸೊಗಸು. ಅಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದರೆ ಲೋಹವಷ್ಟೇ ಕಪ್ಪಾಗಿ, ಬೆಳ್ಳಿ ಮೊದಲಿನಂತೆ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಈ ಕೆಲಸಕ್ಕೆ ಒದಗುತ್ತದೆಂಬುದನ್ನು ಕಸುಬುದಾರರು ನಾಲಿಗೆಯ ಮೇಲಿಟ್ಟು ಗುರುತಿಸುತ್ತಾರೆ. ನಾಲಿಗೆಗೆ ಯಾವ ಪ್ರಯೋಗಾಲಯ ಮಾನ್ಯತೆಯೂ ಇಲ್ಲದ ಕಾರಣ ನಾವು ಇದನ್ನು ರಸಾಯನಶಾಸ್ತ್ರವೆಂದು ಕರೆಯದೆ ‘ಪರಂಪರೆ’ ಎಂದು ಕರೆಯುತ್ತೇವೆ. ನಾವೀನ್ಯ ಸಮಾವೇಶದಲ್ಲಿ ಒಂದು ಗಂಟೆ ಭಾಷಣ ಮಾಡಿದ ಮುಖ್ಯ ಅತಿಥಿಗೆ ಶಾಲು ಹೊದಿಸಿ ಅದೇ ಬಿದರಿ ತಟ್ಟೆಯನ್ನು ನೆನಪಿನ ಕಾಣಿಕೆಯಾಗಿ ಕೊಡುತ್ತೇವೆ. ವೇದಿಕೆಯ ಮೇಲಿನ ಏಕೈಕ ಆವಿಷ್ಕಾರ ಆ ತಟ್ಟೆಯೇ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಸಿ.ವಿ. ರಾಮನ್ ಅವರು ಮೃದಂಗ ಮತ್ತು ತಬಲಾಗಳ ಚರ್ಮದ ಮೇಲಿನ ಕಪ್ಪು ಕರಣೆಯಿಂದಲೇ ಅವುಗಳ ಉಪಸ್ವರಗಳು ಮೂಲ ನಾದಕ್ಕೆ ಹೊಂದಿಕೊಳ್ಳುತ್ತವೆಂದು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಇಂದು ಯಾವನಾದರೂ ವಿದ್ಯಾರ್ಥಿ ಭೌತವಿಜ್ಞಾನದ ಲ್ಯಾಬಿಗೆ ಮೃದಂಗ ಹೊತ್ತುಕೊಂಡು ಬಂದರೆ, ಕಾಲೇಜ್ ಡೇಗೆ ಇನ್ನೂ ಮೂರು ತಿಂಗಳಿದೆಯೆಂದು ಅಟೆಂಡರೇ ಅವನನ್ನು ಹಿಂದಕ್ಕೆ ಕಳುಹಿಸುತ್ತಾನೆ.

ಸರ್ಕಾರ ಸುಮ್ಮನೆ ಕುಳಿತಿದೆಯೆಂದು ದೂರುವಂತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಆರರಿಂದ ಎಂಟನೆಯ ತರಗತಿಯ ನಡುವೆ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕು. ಬಡಗಿಯ ಸ್ವಂತ ಮಗ ಆ ದಿನಗಳಲ್ಲಿ ಟ್ಯೂಷನ್ನಿಗೆ ಹೋಗಿರುತ್ತಾನೆ.

ಇಷ್ಟೆಲ್ಲದರ ಶಿಖರವನ್ನು ನೋಡಬೇಕಾದರೆ ಇಂಜಿನಿಯರಿಂಗ್ ಮೊದಲ ವರ್ಷಕ್ಕೇ ಬರಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ‘ಇನ್ನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ವಿಷಯವಿತ್ತು. ವಿಷಯದ ತೂಕ ಅಳೆಯುವ ಮಾನದಲ್ಲಿ ಅದಕ್ಕೆ ಒಂದು ಕ್ರೆಡಿಟ್. ಹೊಸದನ್ನು ಆಲೋಚಿಸುವ ಈ ಶಕ್ತಿಯನ್ನು ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಅಳೆಯುತ್ತಿದ್ದ ವಿಧಾನವೆಂದರೆ ಒಂದು ಗಂಟೆಯಲ್ಲಿ 50 ಬಹು ಆಯ್ಕೆಯ ಪ್ರಶ್ನೆಗಳು, ಅಂದರೆ ಹೊಸ ಆಲೋಚನೆಯು ಪ್ರಶ್ನೆಪತ್ರಿಕೆ ತಯಾರಿಸಿದವರಿಗೆ ಮೊದಲೇ ಹೊಳೆದಿರಬೇಕಿತ್ತು ಮತ್ತು ಅದು ನಾಲ್ಕು ಆಯ್ಕೆಗಳಲ್ಲಿ ಒಂದಾಗಿರಬೇಕಿತ್ತು. ಹಾಗೆಂದು ಕೈಕೆಲಸ ಅಲ್ಲಿ ಇರಲೇ ಇಲ್ಲ ಎನ್ನಲಾಗದು. ವಿದ್ಯಾರ್ಥಿಯು ಆ ಒಂದು ಗಂಟೆ ಬೆನ್ನು ಬಾಗಿಸಿ, ಉಸಿರು ಬಿಗಿಹಿಡಿದು, ಗೆರೆ ದಾಟದಂತೆಯೂ ಒಳಗೆ ಬಿಳಿ ಉಳಿಯದಂತೆಯೂ ಪುಟ್ಟ ಪುಟ್ಟ ವೃತ್ತಗಳಿಗೆ ಬಣ್ಣ ತುಂಬುತ್ತಿದ್ದ. ಬಣ್ಣ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇತ್ತು: ನೀಲಿ ಅಥವಾ ಕಪ್ಪು ಬಾಲ್‌ಪೆನ್ನು.