ಎರಡೇ ಎರಡು ಮಾತು

ಅಕ್ಟೋಬರ್ ಮೂರನೇ ವಾರ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಕಾಫಿ ಕುಡಿದರು. ಲೋಟ ಕೆಳಗಿಡುತ್ತಾ, ಏನೋ ಮರೆತದ್ದು ಈಗಷ್ಟೇ ನೆನಪಾದ ಹಾಗೆ, "ಈ ಸಲ ರಾಜ್ಯೋತ್ಸವಕ್ಕೆ ನೀವೇ ಎರಡು ಮಾತಾಡಿಬಿಡಿ ಸಾರ್" ಅಂದರು. ಕಾಫಿ ಮುಗಿಸಿ ಹೇಳಿದ್ದು ಅವರ ಜಾಣತನ. ಮೊದಲೇ ಹೇಳಿದ್ದರೆ ಹಾಲು ಒಡೆದಿದೆ ಅಂತ ಸಾಗಹಾಕುತ್ತಿದ್ದೆ.

"ನನಗೆ ಅಭ್ಯಾಸ ಇಲ್ಲ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದವನು ನಾನು. ಅಲ್ಲಿ ಬಾಯಿ ಬಿಟ್ಟರೇ ಲೆಕ್ಕ ತಪ್ಪೋದು" ಅಂದೆ.

"ಎರಡೇ ಎರಡು ಮಾತು ಸಾರ್."

ಈ ಎರಡು ಮಾತು ಅನ್ನುವುದು ನಮ್ಮಲ್ಲಿ ಒಂದು ವಿಚಿತ್ರ ಅಳತೆ. ಪ್ಲಂಬರ್ ಹೇಳುವ "ಹತ್ತೇ ನಿಮಿಷ ಸಾರ್, ಬಂದೆ" ಇದೆಯಲ್ಲ, ಅದರ ಅಣ್ಣ. ಕರೆಯುವಾಗ ಚಿಕ್ಕದಾಗಿರುತ್ತದೆ. ವೇದಿಕೆ ಹತ್ತಿದ ಮೇಲೆ ಅದಕ್ಕೆ ಕೊಂಬು, ಬಾಲ ಎಲ್ಲ ಮೂಡುತ್ತವೆ.

ನನಗೆ ಭಾಷಣದ ಭಯ ಹುಟ್ಟಿದ್ದು ಏಳನೇ ಕ್ಲಾಸಿನಲ್ಲಿ. ಆಗಸ್ಟ್ 15ಕ್ಕೆ ಮೇಷ್ಟ್ರು ಒಂದು ಪುಟ ಬರೆದುಕೊಟ್ಟಿದ್ದರು. ನಾನು ಗಟ್ಟು ಹೊಡೆದಿದ್ದೆ. ನಾಲ್ಕನೇ ಸಾಲಿನಲ್ಲಿ "ಅಂದು" ಅಂತ ಒಂದು ಪದ. ಅಂದು ಅಂದೆ. ಅಂದು ಏನಾಯಿತು ಅನ್ನೋದು ನೆನಪಾಗಲಿಲ್ಲ. ಬಾಯಿಪಾಠ ಅಂದರೆ ರೈಲಿನ ಡಬ್ಬಿ ಇದ್ದ ಹಾಗೆ, ಒಂದು ಕೊಂಡಿ ಕಳಚಿದರೆ ಹಿಂದಿನದ್ದೆಲ್ಲ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಮತ್ತೆ "ಗೌರವಾನ್ವಿತ ಅಧ್ಯಕ್ಷರೇ" ಅಂತ ಮೊದಲಿನಿಂದ ಶುರು ಮಾಡಿದೆ. ಮತ್ತೆ ಅಂದು. ಮೂರನೇ ಸಲ ಅಧ್ಯಕ್ಷರನ್ನು ಕರೆದಾಗ ಅಧ್ಯಕ್ಷರೇ ಚಪ್ಪಾಳೆ ಹೊಡೆದು ನನ್ನನ್ನು ಇಳಿಸಿದರು.

ಈ ಸಲ ಹಾಗಾಗಬಾರದು ಅಂತ ಮೊಬೈಲಿನಲ್ಲಿ ಹುಡುಕಿದೆ. ಉತ್ತಮ ಭಾಷಣಕಾರರಾಗುವುದು ಹೇಗೆ ಅಂತ ಹೇಳಿಕೊಡುವವರಿಗೆ ಬರವೇ ಇಲ್ಲ. ಒಬ್ಬರು ಕೇಳುಗರ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಅಂದರು. ಇನ್ನೊಬ್ಬರು ಅವರ ತಲೆ ಮೇಲಿಂದ ಹಿಂದಿನ ಗೋಡೆ ನೋಡಿ ಅಂದರು. ನಮ್ಮ ಕಾರ್ಯಕ್ರಮ ಪಾರ್ಕಿನಲ್ಲಿ, ಹಿಂದೆ ಗೋಡೆಯೇ ಇಲ್ಲ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಅನ್ನುವುದನ್ನಂತೂ ಎಲ್ಲರೂ ಹೇಳಿದ್ದರು. ನಿಂತೆ. ಎರಡು ವಾಕ್ಯ ಆಗುವಷ್ಟರಲ್ಲಿ ಕಿವಿಯ ಮೇಲೆ ಬೆಳೆದ ಕೂದಲು ಕಣ್ಣಿಗೆ ಬಿತ್ತು. ಕತ್ತರಿ ಹುಡುಕಲು ಹೋದೆ. ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಬರೆದದ್ದು ಮಾತ್ರ ಭರ್ಜರಿಯಾಗಿತ್ತು. ನಾಲ್ಕು ಪುಟ. ಕಾವೇರಿಯಿಂದ ಗೋದಾವರಿವರೆಗೆ ಹಬ್ಬಿದ್ದ ನಾಡು. ಹಲ್ಮಿಡಿ ಶಾಸನ. ಆಲೂರು ವೆಂಕಟರಾಯರು. 1956ರ ನವೆಂಬರ್ 1ರ ಏಕೀಕರಣ. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಅಂತ ಹೆಸರಾದದ್ದು. ಎಂಟು ಜ್ಞಾನಪೀಠ. ಒಂದನ್ನೂ ಬಿಟ್ಟಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಬಾಗಿಲಲ್ಲಿ ನಿಂತು ಪೂರ್ತಿ ಓದಿದೆ. ಕಂತೆ ಮುಗಿಯಿತು, ಭಾಷಣವೂ ಮುಗಿಯಿತು.

"ಇದನ್ನ ಯಾರಿಗೆ ಹೇಳ್ತಿರೋದು?" ಅಂದಳು.

"ಎಲ್ಲರಿಗೂ."

"ಎಲ್ಲರಿಗೂ ಗೊತ್ತಿರೋದನ್ನಾ?"

ಸೊಪ್ಪು ಬಿಡಿಸುವವರಿಗೆ ಸಾಹಿತ್ಯ ತಿಳಿಯುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನಲಿಲ್ಲ. ಅಷ್ಟು ಮಾತಿನ ಕಲೆ ನನಗೆ ಮದುವೆಯಾದ ಹೊಸತರಲ್ಲೇ ಬಂದಿತ್ತು.

ಮಗಳು ಮೊಬೈಲಿನಲ್ಲಿ ಟೈಮ್ ಹಿಡಿದಿದ್ದಳು. "ಹನ್ನೊಂದು ನಿಮಿಷ ಅಪ್ಪಾ. ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ ಮಾತಾಡಿದ್ದು ಎರಡು ಮೂರು ನಿಮಿಷ ಅಷ್ಟೇ" ಅಂದಳು. ಅದು ನನಗೂ ಗೊತ್ತಿತ್ತು. 1863ರ ನವೆಂಬರ್‌ನಲ್ಲಿ, ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮಾರಂಭ. ಅವತ್ತಿನ ಮುಖ್ಯ ಭಾಷಣಕಾರ ಲಿಂಕನ್ ಅಲ್ಲವೇ ಅಲ್ಲ, ಎಡ್ವರ್ಡ್ ಎವರೆಟ್ ಅಂತ ಒಬ್ಬರು. ಅವರು ಎರಡು ಗಂಟೆ ಮಾತಾಡಿದರು. "ನೋಡು, ಎರಡು ಗಂಟೆ ಮಾತಾಡಿದವರೂ ಇದ್ದರು" ಅಂದೆ. "ಅವರ ಹೆಸರು ಏನು ಅಂದ್ರಿ?" ಅಂತ ಅಡುಗೆಮನೆಯಿಂದ ಪ್ರಶ್ನೆ ಬಂತು.

ನವೆಂಬರ್ ಒಂದು. ಬೆಳಿಗ್ಗೆ ಹತ್ತು ಗಂಟೆ. ಶಾಮಿಯಾನ, ಹಳದಿ ಕೆಂಪು ಬಾವುಟ, ಸುಮಾರು ನೂರು ಕುರ್ಚಿ. ಶಾಮಿಯಾನದ ಹಿಂದೆ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆ ಬಾತ್. ಕಾರ್ಯಕ್ರಮ ಪಟ್ಟಿಯಲ್ಲಿ ನನ್ನದು ಏಳನೆಯ ಸ್ಥಾನ. ನನ್ನ ನಂತರ ಅಧ್ಯಕ್ಷರ ಮಾತು, ಆಮೇಲೆ ವಂದನಾರ್ಪಣೆ.

ಏಳನೆಯ ಸ್ಥಾನ ಅಂದರೆ ಏನು ಅಂತ ನನಗೆ ತಿಳಿದದ್ದು ವೇದಿಕೆಯ ಕುರ್ಚಿಯಲ್ಲಿ ಕೂತ ಮೇಲೆ. ಸ್ವಾಗತ ಮಾಡಿದವರು ಸ್ವಾಗತ ಮಾಡಿ ಸುಮ್ನೆ ಕೂರಬೇಕೋ ಬೇಡವೋ? ಅವರು ಕಾವೇರಿಯಿಂದ ಗೋದಾವರಿವರೆಗೆ ಹೋಗಿಬಂದರು. ನಾನು ಪೆನ್ನು ತೆಗೆದು ಮೊದಲ ಪುಟದ ಅರ್ಧ ಹೊಡೆದುಹಾಕಿದೆ. ಪ್ರಾಸ್ತಾವಿಕ ಮಾತಾಡಿದವರು ಹಲ್ಮಿಡಿಯನ್ನೂ ಆಲೂರರನ್ನೂ ಒಟ್ಟಿಗೆ ಒಯ್ದರು. ಉದ್ಘಾಟಕರು 1956 ತೆಗೆದುಕೊಂಡರು. ಅವರ ಪಕ್ಕದವರು 1973. ಇನ್ನು ಎಂಟು ಜ್ಞಾನಪೀಠವಾದರೂ ನನಗೆ ಉಳಿಯಬಹುದು ಅಂತ ಅಪ್ಪಿಕೊಂಡು ಕೂತಿದ್ದೆ. ಆರನೆಯವರು ಎದ್ದು ಮೈಕ್ ಹಿಡಿದವರೇ, "ಇಡೀ ಭಾರತದಲ್ಲೇ ಅತಿ ಹೆಚ್ಚು ಜ್ಞಾನಪೀಠ ಕನ್ನಡಕ್ಕೆ!" ಅಂದರು. ಅದು ಈಗ ನಿಜ ಅಲ್ಲ, ಹಿಂದಿ ನಮ್ಮನ್ನು ದಾಟಿ ಮುಂದೆ ಹೋಗಿದೆ. ಆದರೆ ಚಪ್ಪಾಳೆ ಬಿದ್ದಾಗಿತ್ತು. ಚಪ್ಪಾಳೆ ಬಿದ್ದ ಮೇಲೆ ತಿದ್ದಲು ಹೋಗುವುದು ಮದುವೆ ಊಟದಲ್ಲಿ ಪಾಯಸಕ್ಕೆ ಉಪ್ಪು ಕೇಳಿದ ಹಾಗೆ.

ನನ್ನ ನಾಲ್ಕು ಪುಟದಲ್ಲಿ ಈಗ ಉಳಿದದ್ದು ಮೊದಲಿನ "ಎಲ್ಲರಿಗೂ ನಮಸ್ಕಾರ", ಕೊನೆಯ "ಜೈ ಕರ್ನಾಟಕ".

ನಾಲಿಗೆ ಒಣಗಿತು. ಇದಕ್ಕೆ ಕಾರಣ ಇದೆ. ಹೆದರಿಕೆ ಆದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಓಡು, ಇಲ್ಲವೇ ಹೊಡೆದಾಡು ಅಂತ ಮೈ ಸಿದ್ಧವಾಗುತ್ತದೆ. ಊಟದ ಕೆಲಸ ಆಮೇಲೆ ನೋಡೋಣ ಅಂತ ಜೊಲ್ಲು ನಿಲ್ಲುತ್ತದೆ. ಎದುರಿಗೆ ಹುಲಿ ಇದ್ದರೆ ಸರಿ. ಎದುರಿಗೆ ಇದ್ದವರು ಮೂರನೇ ಕ್ರಾಸಿನವರು. ಓಡುವ ಹಾಗೂ ಇಲ್ಲ, ಹೊಡೆದಾಡುವ ಹಾಗೂ ಇಲ್ಲ.

ದೊಡ್ಡವರನ್ನು ನೆನೆದು ಧೈರ್ಯ ತಂದುಕೊಳ್ಳಲು ನೋಡಿದೆ. 1893ರ ಸೆಪ್ಟೆಂಬರ್ 11ರಂದು ಶಿಕಾಗೋದಲ್ಲಿ ವಿವೇಕಾನಂದರಿಗೂ ಎದೆ ಹೊಡೆದುಕೊಂಡಿತ್ತು, ನಾಲಿಗೆ ಒಣಗಿತ್ತು. ಬೆಳಗಿನ ಹೊತ್ತು ಮಾತಾಡುವ ಧೈರ್ಯವೇ ಬರಲಿಲ್ಲ ಅಂತ ಅವರೇ ತಮ್ಮ ಶಿಷ್ಯ ಅಳಸಿಂಗ ಪೆರುಮಾಳರಿಗೆ ಕಾಗದ ಬರೆದಿದ್ದಾರೆ. ಈ ಅಳಸಿಂಗರು ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಅರೆ, ಇದನ್ನೇ ಹೇಳಬಹುದಲ್ಲ ಅನ್ನಿಸಿತು. ಆದರೆ ಇದಕ್ಕೂ ರಾಜ್ಯೋತ್ಸವಕ್ಕೂ ಸೇತುವೆ ಕಟ್ಟುವಷ್ಟು ಟೈಮ್ ಇರಲಿಲ್ಲ. ಗಾಂಧೀಜಿ ನೆನಪಾದರು. ಬ್ಯಾರಿಸ್ಟರ್ ಆಗಿ ಬಂದ ಹೊಸತರಲ್ಲಿ ಮುಂಬೈಯ ಸಣ್ಣ ಕೋರ್ಟೊಂದರಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತರು, ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಪಡೆದ ಮೂವತ್ತು ರೂಪಾಯಿ ಫೀಸು ವಾಪಸ್ ಕೊಟ್ಟು ಬಂದರು. ನನಗೆ ಆ ದಾರಿಯೂ ಮುಚ್ಚಿತ್ತು. ನಾನು ಫೀಸು ಪಡೆದಿರಲಿಲ್ಲ. ಸಂಘಕ್ಕೆ ನಾನೇ ಐನೂರು ಚಂದಾ ಕೊಟ್ಟಿದ್ದೆ.

ಅಷ್ಟರಲ್ಲಿ ನನ್ನ ಹೆಸರು ಕರೆದರು. ಶಾಲು ಹೊದಿಸಿದರು. ಮೈಸೂರು ಪೇಟ ಇಟ್ಟರು. ಪೇಟ ಯಾರ ತಲೆಯ ಅಳತೆಗೆ ಮಾಡಿದ್ದೋ, ಹುಬ್ಬಿನವರೆಗೆ ಇಳಿಯಿತು. ಕಣ್ಣಲ್ಲಿ ಕಣ್ಣಿಡುವುದೋ ತಲೆ ಮೇಲಿಂದ ನೋಡುವುದೋ ಅನ್ನುವ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ನನಗೆ ಕಂಡದ್ದು ಮೊದಲ ಸಾಲಿನವರ ಚಪ್ಪಲಿ ಮಾತ್ರ.

ಮೈಕ್ ತಲೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಕುಂಯ್ ಅಂತ ಕೂಗಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಮೈಕ್ ಸೆಟ್ಟಿನ ಹುಡುಗ ಓಡಿಬಂದು, "ತಲೆ ಮುಚ್ಚಬೇಡಿ ಸಾರ್, ಕತ್ತು ಹಿಡೀರಿ" ಅಂದ. ಸ್ಪೀಕರಿನಿಂದ ಬಂದ ಸದ್ದನ್ನು ಮೈಕ್ ಮತ್ತೆ ಹಿಡಿಯುತ್ತದಂತೆ. ಆಂಪ್ಲಿಫೈಯರ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ, ಸ್ಪೀಕರ್ ಮತ್ತೆ ಹೊರಗೆ ಬಿಡುತ್ತದೆ, ಮೈಕ್ ಮತ್ತೆ ಹಿಡಿಯುತ್ತದೆ. ನಮ್ಮ ಬಡಾವಣೆಯಲ್ಲಿ ಒಬ್ಬರ ಮನೆ ವಿಷಯ ನಾಲ್ಕು ಕ್ರಾಸ್ ಸುತ್ತಿ ಅವರ ಮನೆಗೇ ದೊಡ್ಡದಾಗಿ ವಾಪಸ್ ಬರುವ ಕ್ರಮವೂ ಇದೇ.

"ಎಲ್ಲರಿಗೂ ನಮಸ್ಕಾರ" ಅಂದೆ. ಆಮೇಲೆ ಏನೂ ಇಲ್ಲ.

ಆ ಮೌನ ಎಷ್ಟು ಹೊತ್ತು ಇತ್ತೋ. ಚಪ್ಪಲಿಗಳು ಅಲ್ಲಾಡತೊಡಗಿದವು. ಒಳಗಿನಿಂದ ಯಾರೋ, ಎಲ್ಲರಿಗೂ ಗೊತ್ತಿರೋದನ್ನಾ, ಅಂತ ಕೇಳಿದ ಹಾಗಾಯಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದು, "ಹೋದ ವಾರ ನಾನು ಎಟಿಎಂಗೆ ಹೋಗಿದ್ದೆ" ಅನ್ನುವ ಮಾತು.

ನಿಜವಾಗಿ ಆದದ್ದೇ. ನಾನು ಎಟಿಎಂನಲ್ಲಿ ಇಷ್ಟು ವರ್ಷ ಒತ್ತಿದ್ದು ಇಂಗ್ಲಿಷ್. ಈ ಭಾಷಣಕ್ಕೆ ಒಪ್ಪಿಕೊಂಡ ಮೇಲೆ ಮನಸ್ಸಿಗೆ ನಾಚಿಕೆಯಾಗಿ ಕನ್ನಡ ಒತ್ತಿದೆ. "ಹಿಂಪಡೆಯುವಿಕೆ" ಅಂತ ಬಂತು. ನಿಂತುಬಿಟ್ಟೆ. ಯಾರು ಯಾರಿಂದ ಹಿಂಪಡೆಯೋದು? ನಾನು ಬ್ಯಾಂಕಿನಿಂದಲೋ, ಬ್ಯಾಂಕು ನನ್ನಿಂದಲೋ? ಹಿಂದೆ ಕ್ಯೂನಲ್ಲಿ ನಮ್ಮ ಬೀದಿಯ ಮರಗೆಲಸದ ಅಂಗಡಿಯ ಹುಡುಗ ಇದ್ದ. ಬಿಹಾರದವನು, ಇಲ್ಲಿಗೆ ಬಂದು ಎರಡು ವರ್ಷ. ಅವನು ನನ್ನ ಹೆಗಲ ಮೇಲಿಂದ ಇಣುಕಿ, "ಅದೇ ಒತ್ತಿ ಸಾರ್, ದುಡ್ಡು ಬರ್ತದೆ" ಅಂದ. ಅಚ್ಚ ಕನ್ನಡದಲ್ಲಿ. ಒತ್ತಿದೆ. ದುಡ್ಡು ಬಂತು.

ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗನನ್ನು ಎಲ್ಲರೂ ತಿರುಗಿ ನೋಡಿದರು. ಪೇಟ ಹಿಂದಕ್ಕೆ ಸರಿಸಿದೆ. ಮುಖಗಳು ಕಂಡವು. ಎಲ್ಲ ಗೊತ್ತಿದ್ದ ಮುಖಗಳೇ. ಹಾಲಿನ ಬೂತಿನಲ್ಲಿ, ಲಿಫ್ಟಿನಲ್ಲಿ ದಿನಾ ಮಾತಾಡಿಸುವವರು. ಇವರಿಗಾ ನಾನು ನಾಲ್ಕು ಪುಟ ಬರೆದದ್ದು?

ಅಲ್ಲಿಗೆ ನಿಲ್ಲಿಸಿ ಕೂತಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಆದರೆ ನಗು ಅನ್ನುವುದು ಕುರುಕಲು ತಿಂಡಿ ಇದ್ದ ಹಾಗೆ. ಒಂದು ಮುಷ್ಟಿಗೆ ನಿಲ್ಲುವುದಿಲ್ಲ. ಎಟಿಎಂನಿಂದ ಬಸ್ಸಿಗೆ ಹೋದೆ. ಬಸ್ಸಿನಿಂದ ಏಳನೇ ಕ್ಲಾಸಿಗೆ. "ಕೊನೆಯದಾಗಿ" ಅಂದೆ. ಅದಾದ ಮೇಲೆ ಲಿಂಕನ್ ಬಗ್ಗೆ ಹೇಳಿದೆ, ಕಡಿಮೆ ಮಾತಿನ ಮಹತ್ವವನ್ನು ಆರು ನಿಮಿಷ ವಿವರಿಸಿದೆ. "ಒಂದು ಮಾತು ಹೇಳಿ ಮುಗಿಸ್ತೀನಿ" ಅಂತ ಎರಡು ಸಲ ಅಂದೆನಂತೆ. ಮಗಳು ಲೆಕ್ಕ ಇಟ್ಟಿದ್ದಾಳೆ.

ಆಗ ಚೀಟಿ ಬಂತು. ಸಭೆಯಲ್ಲಿ ಚೀಟಿ ಬಂದರೆ ಪ್ರಕಟಣೆ ಅನ್ನುವುದು ನನ್ನ ತಿಳಿವಳಿಕೆ. ಯಾರದ್ದೋ ಕಾರು ದಾರಿಗೆ ಅಡ್ಡ ನಿಂತಿದೆ, ಯಾರದ್ದೋ ಬೀಗದ ಕೈ ಸಿಕ್ಕಿದೆ, ಇಂಥದ್ದು. ಕನ್ನಡಕ ಸರಿ ಮಾಡಿಕೊಂಡು ಮೈಕಿನಲ್ಲಿ ಗಟ್ಟಿಯಾಗಿ ಓದಿದೆ. "ಸಾರ್, ದಯವಿಟ್ಟು ಮುಗಿಸಿ. ಬಿಸಿಬೇಳೆ ಬಾತ್ ಆರುತ್ತಿದೆ."

ಅವತ್ತಿನ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಎರಡು ವಾಕ್ಯಕ್ಕೆ. ಚಪ್ಪಾಳೆ ಹೊಡೆಯುತ್ತಲೇ ಜನ ಎದ್ದರು. ಎದ್ದವರು ಶಾಮಿಯಾನದ ಹಿಂದಕ್ಕೆ ನಡೆದರು. ಅಧ್ಯಕ್ಷರ ಮಾತು ಇನ್ನೂ ಬಾಕಿ ಇತ್ತು. ಪಾಪ, ಅವರು ಮಡಿಚಿದ ಹಾಳೆ ಬಿಡಿಸಿಕೊಂಡು ಕೂತಿದ್ದರು. ಖಾಲಿ ಕುರ್ಚಿಗಳಿಗೆ ಅವರು ಏನು ಹೇಳಿದರೋ, ನನಗೆ ಕೇಳಿಸಲಿಲ್ಲ. ನಾನೂ ಬಾತಿನ ಸಾಲಿನಲ್ಲಿದ್ದೆ. ಎರಡು ವಾರ ಅವರು ನನ್ನ ಜೊತೆ ಮಾತು ಬಿಟ್ಟರು.

ಬಡಾವಣೆಯ ಮಕ್ಕಳಿಗೆ ನಾನೀಗ ಎಟಿಎಂ ತಾತ. ಮರಗೆಲಸದ ಹುಡುಗ ಸಿಕ್ಕಾಗಲೆಲ್ಲ, "ಹಿಂಪಡೆದ್ರಾ ಸಾರ್?" ಅಂತ ಕೇಳುತ್ತಾನೆ.

ಮೊನ್ನೆ ಕಾರ್ಯದರ್ಶಿ ಮತ್ತೆ ಬಂದಿದ್ದರು. ಕಾಫಿ ಕುಡಿದರು. ಈ ಸಲ ನನ್ನ ಪಾಲಿಗೆ ಬಂದದ್ದು ವಂದನಾರ್ಪಣೆ. "ಸುಲಭ ಸಾರ್, ಬರೀ ಹೆಸರು ಓದೋದು" ಅಂತ ಪಟ್ಟಿ ಕೊಟ್ಟು ಹೋದರು. ಮೂವತ್ತೆರಡು ಹೆಸರು. ಹೆಂಡತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಅಧ್ಯಕ್ಷರ ಹೆಸರೇ ಇಲ್ವಲ್ಲ ಇದರಲ್ಲಿ" ಅಂದಳು.